ಬಿಡು ಜೇಕ್, ಇದು ಚೈನಾಟೌನ್

ಪದಗಳೆಲ್ಲ ಗೊತ್ತಿರುವವೇ, ವಾಕ್ಯವೂ ಪುಟ್ಟದು. ಆದರೂ ‘ಹಾಗಂದರೇನು?’ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೊಳೆಯದ ಸಿನಿಮಾ ಮಾತೊಂದಿದೆ: ‘ಫರ್ಗೆಟ್ ಇಟ್, ಜೇಕ್. ಇಟ್ಸ್ ಚೈನಾಟೌನ್.’ ಬಿಟ್ಟುಬಿಡು ಜೇಕ್, ಇದು ಚೈನಾಟೌನ್. ಚೈನಾಟೌನ್ ಎಂದರೆ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಚೀನೀಯರು ನೆಲೆಸಿದ ಕೇರಿ. 1974ರ ‘ಚೈನಾಟೌನ್’ ಚಿತ್ರದ ಕೊಟ್ಟಕೊನೆಗೆ, ಕಾರಿನ ಸೀಟಿನಲ್ಲಿ ಒಬ್ಬ ಹೆಂಗಸು ಗುಂಡೇಟಿಗೆ ಸತ್ತು ಬಿದ್ದಿರುವಾಗ, ಪತ್ತೇದಾರ ಜೇಕ್ ಗಿಟ್ಟಿಸ್‌ನನ್ನು ಅಲ್ಲಿಂದ ಕರೆದುಕೊಂಡು ಹೋಗುತ್ತ ಅವನ ಜೊತೆಗಾರ ವಾಲ್ಷ್ ಆಡುವ ಮಾತಿದು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2005ರಲ್ಲಿ ಮಾಡಿದ ನೂರು ಪ್ರಸಿದ್ಧ ಸಂಭಾಷಣೆಗಳ ಪಟ್ಟಿಯಲ್ಲಿ ಇದಕ್ಕೂ ಜಾಗ ಸಿಕ್ಕಿತು. ಆದರೆ ಹೆಸರು ಬಂದಷ್ಟೂ ಅದರ ಅರ್ಥ ಮಸುಕಾಗುತ್ತ ಹೋಗಿದೆ. ‘ಲೋಕವೇ ಹೀಗೆ, ಏನೂ ಮಾಡೋಕಾಗಲ್ಲ’ ಎನ್ನುವ ಗಾದೆಯಂತೆ ಅದನ್ನು ಬಳಸುವವರೇ ಹೆಚ್ಚು. ಚಿತ್ರ ಅದನ್ನು ಹೇಳುತ್ತಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

ಮಂಡ್ಯದಲ್ಲಿ ನಾವೊಂದಷ್ಟು ಗೆಳೆಯರು ಸೇರಿ ಹಳೆಯ ಚಿತ್ರಗಳನ್ನು ನೋಡುವುದುಂಟು. ಈ ಚಿತ್ರದಲ್ಲಿ ಬರುವ ನೀರಿನ ಹಗರಣವೇ ಗೋಜಲು, ತಲೆಗೆ ಹತ್ತುವುದಿಲ್ಲ ಎಂದು ಬೇರೆ ಕಡೆಯ ನೋಡುಗರು ದೂರುತ್ತಾರೆ. ನಮ್ಮವರಿಗೆ ಅದು ಸಲೀಸಾಗಿ ಹತ್ತಿತು. ಊರಿಗೆ ಊರೇ ಬರದಲ್ಲಿರುವಾಗ ರಾತ್ರಿ ಹೊತ್ತು ಕಳ್ಳತನದಲ್ಲಿ ನೀರು ಹೊರಗೆ ಬಿಡುವ ದೃಶ್ಯ ಬಂದದ್ದೇ ತಡ, ನೀರುಗಂಟಿಯ ಮಗನಾದ ಗೆಳೆಯನೊಬ್ಬ ‘ತೂಬು ಎತ್ತಿದೋನ್ನ ಹಿಡ್ಕೊಳ್ರಣ್ಣ, ಎತ್ಸಿದೋನು ಆಮೇಲೆ ಸಿಕ್ತಾನೆ’ ಎಂದ. ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತೇ ಎಂದು ಮಳೆಗಾಲವಿಡೀ ಪೇಪರಿನ ಮೊದಲ ಪುಟ ನೋಡುವ ಊರು ನಮ್ಮದು. ಈ ಚಿತ್ರ ತೆರೆಗೆ ಬಂದ 1974ರಲ್ಲೇ ಬೆಂಗಳೂರಿಗೆ ಕಾವೇರಿ ನೀರಿನ ಮೊದಲ ಹಂತ ಶುರುವಾದದ್ದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟ ನೀರಿನ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ನಮ್ಮಲ್ಲಿನದು ಯೋಜನೆ, ಒಪ್ಪಂದ, ಕೋರ್ಟಿನ ದಾರಿಯಲ್ಲಿ ನಡೆದದ್ದು, ಚಿತ್ರದಲ್ಲಿರುವುದು ಶುದ್ಧ ಮೋಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಆದರೆ ದೂರದ ನಗರಕ್ಕೆ ನೀರು ಬೇಕಾದಾಗ ಏನೇನು ನಡೆಯಬಹುದೆಂಬುದು ನಮಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ನಮ್ಮವರು ಸಿಕ್ಕಿಬಿದ್ದದ್ದು ಆ ಕೊನೆಯ ಮಾತಿನ ಹತ್ತಿರ. ‘ಅಲ್ಲಪ್ಪ, ಇಷ್ಟೆಲ್ಲ ಮಾಡಿದೋನು ಆ ಮುದುಕ. ಚೀನಾದೋರು ಏನು ಮಾಡಿದ್ರು?’ ಎಂದು ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆ ಅದೇ. ಅದಕ್ಕೆ ಉತ್ತರ ಕೊಡಲು ಕಥೆಯ ಗುಟ್ಟೆಲ್ಲ ಬಿಚ್ಚಬೇಕಾಗುತ್ತದೆ. ಚಿತ್ರ ನೋಡದವರು ನೋಡಿಬಂದು ಓದಿದರೆ ಒಳ್ಳೆಯದು.

ಕಥೆ ನಡೆಯುವುದು 1937ರ ಲಾಸ್ ಏಂಜಲೀಸ್‌ನಲ್ಲಿ. ರಾಬರ್ಟ್ ಟೌನ್ ಬರೆದ ಚಿತ್ರಕಥೆಗೆ ಆ ನಗರದ ನಿಜವಾದ ಇತಿಹಾಸವೇ ಬೇರು. 1913ರಲ್ಲಿ ವಿಲಿಯಂ ಮಲ್‌ಹಾಲಂಡ್ ಎಂಬ ಎಂಜಿನಿಯರ್ ಓವೆನ್ಸ್ ಕಣಿವೆಯಿಂದ ಸುಮಾರು 375 ಕಿಲೋಮೀಟರ್ ದೂರದ ನಾಲೆ ತೋಡಿಸಿ ನಗರಕ್ಕೆ ನೀರು ತಂದ. ನಗರ ಬೆಳೆಯಿತು, 1920ರ ದಶಕದಲ್ಲಿ ಓವೆನ್ಸ್ ಕೆರೆ ಒಣಗಿತು. ಅವನೇ ಕಟ್ಟಿಸಿದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟೆ 1928ರ ಮಾರ್ಚ್ 12ರ ನಡುರಾತ್ರಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಟೌನ್ ಕಾಲವನ್ನು ಮುಂದಕ್ಕೆ ತಂದು, ಹೆಸರುಗಳನ್ನೆಲ್ಲ ಬದಲಿಸಿದ್ದಾರೆ. ಚಿತ್ರದ ನೀರು ಸರಬರಾಜು ಇಲಾಖೆಯ ಮುಖ್ಯ ಎಂಜಿನಿಯರ್ ಹಾಲಿಸ್ ಮಲ್ರೇ, ಹಿಂದೊಮ್ಮೆ ತಾನು ಕಟ್ಟಿದ ಅಣೆಕಟ್ಟೆ ಒಡೆದು ಜನ ಸತ್ತದ್ದನ್ನು ನೆನೆದು ಹೊಸ ಅಣೆಕಟ್ಟೆಗೆ ಒಪ್ಪುವುದಿಲ್ಲ. ಕೆಲ ದಿನಕ್ಕೆ ಅವನ ಹೆಣ ಸಿಗುತ್ತದೆ. ಅವನ ಹೆಂಡತಿ ಇವೆಲಿನ್. ಇವೆಲಿನ್‌ಳ ತಂದೆ ನೋವಾ ಕ್ರಾಸ್, ಒಂದು ಕಾಲಕ್ಕೆ ಮಲ್ರೇ ಜೊತೆ ಸೇರಿ ನಗರದ ನೀರಿಗೇ ಒಡೆಯನಾಗಿದ್ದವನು. ಬರವನ್ನು ಬೇಕೆಂದೇ ಹೆಚ್ಚಿಸಿ, ಅಣೆಕಟ್ಟೆಗೆ ಜನರ ಒಪ್ಪಿಗೆ ಗಿಟ್ಟಿಸಿ, ಆ ನೀರು ಹರಿಯಲಿರುವ ಕಣಿವೆಯ ಜಮೀನನ್ನು ವೃದ್ಧಾಶ್ರಮದ ಮುದುಕರ ಹೆಸರಲ್ಲಿ ಕೊಳ್ಳುತ್ತಿರುವವನು ಈ ಕ್ರಾಸ್. ಅಳಿಯನನ್ನು ಕೊಂದವನೂ ಅವನೇ. ಇವೆಲಿನ್ ಬಚ್ಚಿಟ್ಟು ಕಾಪಾಡುತ್ತಿರುವ ಕ್ಯಾಥರಿನ್ ಎಂಬ ಹುಡುಗಿ ಅವಳ ತಂಗಿಯೂ ಹೌದು, ಮಗಳೂ ಹೌದು. ಹದಿನೈದರ ವಯಸ್ಸಿನಲ್ಲಿ ಹೆತ್ತ ತಂದೆಯಿಂದಲೇ ಬಸಿರಾದವಳು ಇವೆಲಿನ್. ನೀರಿನ ಹಗರಣ ಬಯಲಿನದು, ಇದು ಮನೆಯೊಳಗಿನದು. ಎರಡರ ಹಿಂದೆಯೂ ಒಬ್ಬನೇ ಮನುಷ್ಯ.

ಗಮನಿಸಬೇಕಾದ್ದೆಂದರೆ, ಎರಡು ಗಂಟೆಗೂ ಮಿಕ್ಕಿದ ಈ ಚಿತ್ರದಲ್ಲಿ ಚೈನಾಟೌನ್ ಬರುವುದು ಕೊನೆಯ ಕೆಲವೇ ನಿಮಿಷ. ಅಲ್ಲಿಯವರೆಗೆ ಅದು ಬರೀ ಬಾಯಿಮಾತು. ಜೇಕ್ ಹಿಂದೆ ಅಲ್ಲಿ ಪೊಲೀಸನಾಗಿದ್ದ, ಏನೋ ಆಗಿ ಕೆಲಸ ಬಿಟ್ಟ ಎಂಬುದು ತುಣುಕು ತುಣುಕಾಗಿ ತಿಳಿಯುತ್ತದೆ. ಕ್ರಾಸ್ ಅವನನ್ನು ಊಟಕ್ಕೆ ಕರೆದು, ‘ನೀನು ಎಂಥ ವಿಷಯಕ್ಕೆ ಕೈಹಾಕಿದ್ದೀಯ ಎಂಬುದು ಗೊತ್ತಿದೆ ಅಂದುಕೊಂಡಿರಬಹುದು, ನಿಜವಾಗಿ ಗೊತ್ತಿಲ್ಲ’ ಎಂದಾಗ ಜೇಕ್ ನಗುತ್ತಾನೆ. ಚೈನಾಟೌನ್‌ನಲ್ಲಿದ್ದಾಗ ಸರ್ಕಾರಿ ವಕೀಲರು ಇದೇ ಮಾತು ಹೇಳುತ್ತಿದ್ದರು ಎನ್ನುತ್ತಾನೆ. ಆ ನಗು ಮುಖ್ಯ. ಎಚ್ಚರಿಕೆಯನ್ನು ಅವನು ಆಗಲೂ ಕಿವಿಗೆ ಹಾಕಿಕೊಳ್ಳಲಿಲ್ಲ, ಈಗಲೂ ಹಾಕಿಕೊಳ್ಳುವುದಿಲ್ಲ.

ಕೊನೆಯ ಮಾತಿನ ಬೀಗದ ಕೈ ಇರುವುದು ಮಲಗುವ ಕೋಣೆಯ ದೃಶ್ಯದಲ್ಲಿ. ಇವೆಲಿನ್ ಅವನ ಹಳೆಯ ದಿನಗಳ ಬಗ್ಗೆ ಕೆದಕುತ್ತಾಳೆ. ಅಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳುತ್ತಾಳೆ. ಉತ್ತರ: ‘ಆದಷ್ಟೂ ಕಡಿಮೆ.’ ಸರ್ಕಾರಿ ವಕೀಲರು ತಮ್ಮ ಜನಕ್ಕೆ ಇಂಥ ಸಲಹೆ ಕೊಡುತ್ತಾರಾ ಎಂದರೆ, ಚೈನಾಟೌನ್‌ನಲ್ಲಿ ಕೊಡುತ್ತಾರೆ ಎನ್ನುತ್ತಾನೆ. ಅಲ್ಲಿ ಏನು ನಡೆಯುತ್ತಿದೆ ಎಂಬುದೇ ಸರಿಯಾಗಿ ಗೊತ್ತಾಗುವುದಿಲ್ಲ ಎಂದೂ ಹೇಳುತ್ತಾನೆ. ಮತ್ತೆ ಒತ್ತಾಯಿಸಿದಾಗ, ಒಬ್ಬರಿಗೆ ನೋವಾಗದಿರಲಿ ಎಂದು ಹೊರಟಿದ್ದೆ, ಕೊನೆಗೆ ಅವರಿಗೆ ನೋವಾಗುವಂತೆ ಮಾಡಿದವನು ನಾನೇ ಎಂದು ಬಾಯಿಬಿಡುತ್ತಾನೆ. ಹೆಂಗಸು ಇದ್ದಳಾ? ಇದ್ದಳು. ಸತ್ತಳಾ? ಅಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಉತ್ತರ ಬರುವುದೇ ಇಲ್ಲ. ಆ ಹಳೆಯ ಹೆಂಗಸು ಯಾರು, ಏನಾದಳು ಎಂದು ಚಿತ್ರ ಮುಂದೆಯೂ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಬೀಳುವುದಿಲ್ಲ, ಏಕೆಂದರೆ ಕೊನೆಯ ದೃಶ್ಯದಲ್ಲಿ ಅದೇ ಕಥೆ ನಮ್ಮ ಕಣ್ಣ ಮುಂದೆ ಇನ್ನೊಂದು ಸಲ ನಡೆದುಹೋಗುತ್ತದೆ.

ಆ ಕೊನೆಯ ದೃಶ್ಯವನ್ನು ನಿಧಾನವಾಗಿ ನೋಡಬೇಕು. ರಾತ್ರಿ. ಇವೆಲಿನ್ ಮಗಳನ್ನು ಕರೆದುಕೊಂಡು ಊರು ಬಿಡಲು ಸಿದ್ಧಳಾಗಿ ತನ್ನ ಮನೆಯ ಬಟ್ಲರನ ಬಿಡಾರದಲ್ಲಿದ್ದಾಳೆ; ಅದು ಇರುವುದು ಚೈನಾಟೌನ್‌ನಲ್ಲಿ. ಕ್ರಾಸ್ ಅಲ್ಲಿಗೆ ಬಂದಿದ್ದಾನೆ, ಪೊಲೀಸರೂ ಬಂದಿದ್ದಾರೆ, ಜೇಕ್‌ನ ಕೈಗೆ ಬೇಡಿ. ಕ್ರಾಸ್ ಹುಡುಗಿಯ ಹತ್ತಿರ ಹೋಗಿ ಕೈ ಹಿಡಿಯಲು ನೋಡುತ್ತಾನೆ. ಇವೆಲಿನ್ ಅವನ ತೋಳಿಗೆ ಗುಂಡು ಹಾರಿಸಿ ಕಾರು ಹತ್ತುತ್ತಾಳೆ. ಪೊಲೀಸ್ ಗುಂಡು ಹಾರುತ್ತದೆ. ದೂರ ಹೋದ ಕಾರು ನಿಲ್ಲುತ್ತದೆ, ಹಾರನ್ ಒಂದೇ ಸಮನೆ ಕೂಗುತ್ತದೆ, ಹುಡುಗಿಯ ಚೀರಾಟ. ಓಡಿಹೋಗಿ ನೋಡಿದರೆ ಗುಂಡು ಇವೆಲಿನ್‌ಳ ಕಣ್ಣು ಹರಿದು ಹೊರಬಂದಿದೆ. ಕ್ರಾಸ್ ಆ ಹುಡುಗಿಯ ಕಣ್ಣು ಮುಚ್ಚಿ ತಬ್ಬಿ ಕರೆದೊಯ್ಯುತ್ತಾನೆ. ಯಾರ ಕೈಗೆ ಸಿಗಬಾರದೆಂದು ತಾಯಿ ಇಷ್ಟು ವರ್ಷ ಒದ್ದಾಡಿದಳೋ ಅವನದೇ ಕೈಗೆ. ಜೇಕ್ ಬೆಪ್ಪಾಗಿ ನಿಂತಿದ್ದಾನೆ. ಅವನ ತುಟಿ ಅಲ್ಲಾಡುತ್ತದೆ. ಕೇಳಿಯೂ ಕೇಳದಂತೆ ಹೊರಡುವ ಮಾತು: ‘ಆದಷ್ಟೂ ಕಡಿಮೆ.’

ಎಷ್ಟೋ ಜನ ನೋಡುಗರಿಗೆ ಈ ಗೊಣಗಾಟ ಕೇಳಿಸುವುದೇ ಇಲ್ಲ. ನನ್ನ ಮಟ್ಟಿಗೆ ಚಿತ್ರದ ನಿಜವಾದ ಕೊನೆಯ ಮಾತು ಇದೇ. ವಾಲ್ಷ್‌ನದು ಅದಕ್ಕೆ ಬಂದ ಸಮಾಧಾನ ಅಷ್ಟೆ. ಎರಡನ್ನೂ ಬೇರ್ಪಡಿಸಿ ಓದಿದ್ದರಿಂದಲೇ ಅರ್ಥ ಕೈತಪ್ಪಿ ಹೋಗಿರುವುದು.

ಗೊಣಗಿದ್ದನ್ನು ಕೇಳಿಸಿಕೊಂಡ ಪೊಲೀಸ್ ಅಧಿಕಾರಿ ಎಸ್ಕೊಬಾರ್, ಏನಂದೆ ಎಂದು ಸಿಡುಕಿ ಮೇಲೆ ಬೀಳುತ್ತಾನೆ. ಅವನೂ ಒಂದು ಕಾಲಕ್ಕೆ ಚೈನಾಟೌನ್‌ನಲ್ಲಿ ಜೇಕ್ ಜೊತೆ ಕೆಲಸ ಮಾಡಿದವನು, ಆ ಮಾತಿನ ಮೂಲ ಬಲ್ಲವನು. ಆದ್ದರಿಂದ ಅವನ ಕಿವಿಗೆ ಅದು ಪೊಲೀಸರ ಮೇಲಿನ ಆರೋಪ: ನೀವು ಆಗಲೂ ಏನೂ ಮಾಡಲಿಲ್ಲ, ಈಗಲೂ ಮಾಡಲಿಲ್ಲ. ಆ ಓದು ತಪ್ಪಲ್ಲ. ಅಪರಾಧಿಯನ್ನು ಬಿಟ್ಟು ಓಡುವವಳಿಗೆ ಗುಂಡು ಹೊಡೆದವರು ಅವರೇ. ಆದರೆ ಜೇಕ್‌ನ ಮುಖ ನೋಡಿ. ಅದು ಇನ್ನೊಬ್ಬರನ್ನು ಬೈಯುವವನ ಮುಖವಲ್ಲ. ಇಷ್ಟು ಜನ ಈ ರಾತ್ರಿ ಈ ಬೀದಿಯಲ್ಲಿ ಹೇಗೆ ಸೇರಿದರು ಎಂದು ಲೆಕ್ಕ ಹಾಕಿದರೆ ಉತ್ತರ ಒಂದೇ. ಇವೆಲಿನ್ ಮೇಲೆ ಅನುಮಾನಪಟ್ಟು ಪೊಲೀಸರಿಗೆ ಫೋನ್ ಮಾಡಿದವನು ಜೇಕ್. ನಿಜ ತಿಳಿದ ಮೇಲೂ ಸುಮ್ಮನೆ ತಾಯಿ ಮಗಳಿಬ್ಬರನ್ನೂ ದೋಣಿ ಹತ್ತಿಸಿ ಕಳಿಸದೆ, ಕ್ರಾಸ್‌ನನ್ನು ಕರೆಸಿ ಅವನ ಬಾಯಿಂದಲೇ ಎಲ್ಲ ಕಕ್ಕಿಸಬೇಕು ಎಂದು ಹಟ ಹಿಡಿದವನು ಜೇಕ್. ಮಲ್ರೇ ಮನೆಯ ಕೊಳದಲ್ಲಿ ಸಿಕ್ಕಿ, ಕೊಲೆಗೆ ಸಾಕ್ಷಿಯಾಗಿ ಕೈಲಿದ್ದ ಕ್ರಾಸ್‌ನ ಕನ್ನಡಕವನ್ನು ತೋರಿಸಿ, ಅದನ್ನೂ ಕಳೆದುಕೊಂಡು, ಕೊನೆಗೆ ಬಂದೂಕಿನ ಬೆದರಿಕೆಗೆ ಅವನನ್ನು ಮಗಳಿದ್ದಲ್ಲಿಗೆ ಕರೆತಂದವನೂ ಅವನೇ. ಒಳ್ಳೆಯದು ಮಾಡಬೇಕೆಂಬುದು ಸುಳ್ಳಲ್ಲ. ಆದರೆ ಅರ್ಧ ಗೊತ್ತಿದ್ದುಕೊಂಡು ಪೂರ್ತಿ ಗೊತ್ತಿದೆ ಎಂದು ನಡೆದುಕೊಂಡ. ‘ಆದಷ್ಟೂ ಕಡಿಮೆ’ ಎಂಬ ಹಳೆಯ ಆದೇಶವನ್ನು ಎರಡನೇ ಸಲವೂ ಮೀರಿದೆನಲ್ಲ ಎಂಬ ಸಂಕಟ ಅದು. ತಾನೇ ತನಗೆ ಹೇಳಿಕೊಂಡದ್ದು.

ಈ ಆದೇಶ ಟೌನ್ ಅವರಿಗೆ ಹೊಳೆದದ್ದಲ್ಲ, ಕೇಳಿದ್ದು. ಚೈನಾಟೌನ್‌ನಲ್ಲಿ ಕೆಲಸ ಮಾಡಿದ್ದ ಹಂಗೆರಿ ಮೂಲದ ಪೊಲೀಸನೊಬ್ಬ ಅವರಿಗೆ ಹೇಳಿದ್ದನಂತೆ: ಅಲ್ಲಿ ನಾವು ಆದಷ್ಟೂ ಕಡಿಮೆ ಕೆಲಸ ಮಾಡುತ್ತೇವೆ, ಅಷ್ಟೊಂದು ಬಗೆಯ ಭಾಷೆ, ಗುಂಪುಗಳ ನಡುವೆ ನಾವು ಅಪರಾಧ ತಡೆಯುತ್ತಿದ್ದೇವೋ ಅಪರಾಧಕ್ಕೆ ನೆರವಾಗುತ್ತಿದ್ದೇವೋ ಗೊತ್ತಾಗುವುದಿಲ್ಲ ಎಂದು. ಚಿತ್ರದ ಬೀಜ ಅದು. ಆದ್ದರಿಂದಲೇ ಹೆಸರೂ ಅದೇ.

ಆದರೆ ಪೊಲೀಸರಿಗೆ ಅಲ್ಲಿಯದು ಅರ್ಥವಾಗುತ್ತಿರಲಿಲ್ಲ ಎಂಬುದಕ್ಕೆ ಭಾಷೆಯೊಂದೇ ಕಾರಣವಲ್ಲ, ಇದನ್ನು ಚಿತ್ರ ಹೇಳುವುದಿಲ್ಲ, ನಾವು ಸೇರಿಸಿಕೊಳ್ಳಬೇಕು. ಬಿಳಿಯರ ವಿರುದ್ಧ ಚೀನೀಯರ ಸಾಕ್ಷ್ಯ ನಡೆಯುವುದಿಲ್ಲ ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1854ರಲ್ಲೇ ತೀರ್ಪು ಕೊಟ್ಟಿತ್ತು. 1871ರ ಅಕ್ಟೋಬರ್‌ನಲ್ಲಿ ಇದೇ ಲಾಸ್ ಏಂಜಲೀಸ್‌ನಲ್ಲಿ ಗುಂಪೊಂದು ಚೀನೀಯರ ಬೀದಿಗೆ ನುಗ್ಗಿ ಹದಿನೆಂಟಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಕೊಂದಿತು. 1882ರ ಕಾನೂನು ಚೀನೀ ಕೂಲಿಕಾರರು ದೇಶಕ್ಕೆ ಬರುವುದನ್ನೇ ನಿಲ್ಲಿಸಿತು, 1943ರವರೆಗೆ ಅದು ಹಾಗೇ ಇತ್ತು. ಚಿತ್ರದ ಕಥೆ ನಡೆಯುವ 1930ರ ದಶಕದಲ್ಲಿ ಹಳೆಯ ಚೈನಾಟೌನ್ ಅನ್ನು ಯೂನಿಯನ್ ರೈಲು ನಿಲ್ದಾಣಕ್ಕಾಗಿ ಕೆಡವಲಾಯಿತು. ಹೊಸ ಚೈನಾಟೌನ್ ತೆರೆದದ್ದು 1938ರಲ್ಲಿ. ಇಷ್ಟೆಲ್ಲ ಅನುಭವಿಸಿದ ಬೀದಿಯವರು ಖಾಕಿ ಕಂಡಾಗ ಬಾಯಿ ಮುಚ್ಚಿಕೊಂಡರೆ ಅದನ್ನು ನಿಗೂಢ ಎನ್ನುವುದು ಅನ್ಯಾಯ.

ಇಲ್ಲಿಗೆ ನಮ್ಮವರ ಪ್ರಶ್ನೆಗೆ ಬರೋಣ. ಚೀನಾದೋರು ಏನು ಮಾಡಿದ್ರು? ಏನೂ ಮಾಡಲಿಲ್ಲ. ಚಿತ್ರವನ್ನು ಇನ್ನೊಮ್ಮೆ ನೋಡಿ: ಮನೆಗೆಲಸದವರಾಗಿ, ಕೊನೆಗೆ ಬೀದಿಯಲ್ಲಿ ಬೆಪ್ಪಾಗಿ ನಿಂತ ಜನವಾಗಿ, ಅಷ್ಟೇ ಅವರು ಕಾಣಿಸುವುದು. ನೀರು ಕದ್ದವನು ಅಲ್ಲಿಯವನಲ್ಲ, ಮಗಳ ಬಾಳು ಹಾಳು ಮಾಡಿದವನು ಅಲ್ಲಿಯವನಲ್ಲ, ಗುಂಡು ಹಾರಿಸಿದವನೂ ಅಲ್ಲಿಯವನಲ್ಲ. ಇಡೀ ನಗರದಲ್ಲಿ ಇವೆಲಿನ್‌ಗೆ ನಂಬಿಕೆಯಿಂದ ತಲೆಮರೆಸಿಕೊಳ್ಳಲು ಸಿಕ್ಕಿದ ಒಂದೇ ಜಾಗ ಅದು. ಆಶ್ರಯ ಕೊಟ್ಟ ಬೀದಿಗೆ ಕೇಡನ್ನು ಹೊರಗಿನಿಂದ ಕಾರಿನಲ್ಲಿ ಹತ್ತಿಸಿಕೊಂಡು ಬಂದರು, ಹೆಣ ಬಿದ್ದ ಮೇಲೆ ‘ಇದು ಚೈನಾಟೌನ್’ ಎಂದು ಬೀದಿಯ ಮೇಲೆ ಹಾಕಿದರು. ವಾಲ್ಷ್‌ನ ಮಾತು ಅಕ್ಷರಶಃ ತಗೊಂಡರೆ ಸುಳ್ಳು. ಅದು ಸುಳ್ಳೆಂದು ನಮಗೆ ಗೊತ್ತಾಗಲಿ ಎಂದೇ ಚಿತ್ರ ಅಷ್ಟೆಲ್ಲ ತೋರಿಸಿರುವುದು.

ಹಾಗಾದರೆ ಅವನೇಕೆ ಹಾಗಂದ? ಇಲ್ಲಿ ಕೇಳಬೇಕಾದ್ದು, ಮಾತಾಡುವವನಿಗೆ ಏನು ಗೊತ್ತು ಎಂದು. ವಾಲ್ಷ್ ಜೇಕ್‌ನ ಆಫೀಸಿನಲ್ಲಿ ಫೋಟೊ ತೆಗೆಯುವ, ಹಿಂಬಾಲಿಸುವ ಕೆಲಸದವನು. ಜೇಕ್ ಕಂಡುಕೊಂಡ ಗುಟ್ಟಿನ ಆಳ ಅವನಿಗಿಲ್ಲ. ಅವನಿಗೆ ಕಾಣುತ್ತಿರುವುದು ಇಷ್ಟು: ಯಜಮಾನ ಕುಸಿದಿದ್ದಾನೆ, ಪೊಲೀಸರು ಬಿಟ್ಟು ಕಳಿಸುತ್ತಿದ್ದಾರೆ, ಅವನು ಮತ್ತೆ ಅವರ ಮೇಲೆ ಹೋಗುವ ಮೊದಲು ಇಲ್ಲಿಂದ ಕರೆದೊಯ್ಯಬೇಕು. ಪ್ರೀತಿಯಿಂದ, ಅವಸರದಲ್ಲಿ, ಬಾಯಿಗೆ ಬಂದ ಸಮಾಧಾನ ಹೇಳಿದ್ದಾನೆ. ನಮ್ಮ ಕಡೆ ಖಾತೆ ಬದಲಾವಣೆಗೆ ಅಲೆದು ಅಲೆದು ಚಪ್ಪಲಿ ಸವೆದವನು ಟೀ ಅಂಗಡಿಯಲ್ಲಿ ಬಂದು ಕುಳಿತಾಗ ಪಕ್ಕದವರು ‘ಬುಡಣ್ಣ, ಆಫೀಸು ಅಂದ್ಮೇಲೆ ಅಂಗೇಯ’ ಎನ್ನುವುದಿಲ್ಲವೇ, ಆ ಬಗೆಯ ಮಾತು. ಹೇಳಿದವರ ಮನಸ್ಸು ಒಳ್ಳೆಯದು. ಆದರೆ ಆ ವಾಕ್ಯದಲ್ಲಿ ಲಂಚ ಕೇಳಿದವನ ಹೆಸರಿರುವುದಿಲ್ಲ. ತಪ್ಪು ಒಂದು ಕಟ್ಟಡದ ತಲೆಗೆ ಹೋಗಿ ಕೂರುತ್ತದೆ. ವಾಲ್ಷ್‌ನ ಮಾತಿನಲ್ಲೂ ನೋವಾ ಕ್ರಾಸ್‌ನ ಹೆಸರಿಲ್ಲ.

ಕೇಳಿಸಿಕೊಂಡೂ ತಪ್ಪು ತಿಳಿಯುವುದು ಈ ಚಿತ್ರದ ಉದ್ದಕ್ಕೂ ಹಾಸಿದ ಎಳೆ, ಅದಕ್ಕೆ ಇನ್ನೊಂದು ದೃಶ್ಯ ಸಾಕ್ಷಿ. ಮಲ್ರೇ ಮನೆಯ ತೋಟದಲ್ಲಿ ಕೊಳದ ಬಳಿ ಏಷ್ಯಾ ಮೂಲದ ಮಾಲಿಯೊಬ್ಬ ಹುಲ್ಲು ಕೀಳುತ್ತ ‘ಬ್ಯಾಡ್ ಫಾರ್ ಗ್ಲಾಸ್’ ಎಂದು ಗೊಣಗುತ್ತಾನೆ. ಜೇಕ್ ಅವನ ಉಚ್ಚಾರಣೆಯನ್ನೇ ಅಣಕಿಸುತ್ತ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಅವನು ಹೇಳಿದ್ದು ‘ಗ್ರಾಸ್’: ಈ ನೀರು ಹುಲ್ಲಿಗೆ ಆಗಿಬರುವುದಿಲ್ಲ, ಏಕೆಂದರೆ ಕೊಳದಲ್ಲಿರುವುದು ಉಪ್ಪುನೀರು. ಸತ್ತ ಮಲ್ರೇಯ ಶ್ವಾಸಕೋಶದಲ್ಲಿ ಸಿಕ್ಕಿದ್ದೂ ಉಪ್ಪುನೀರೇ. ಕೊಲೆ ನಡೆದ ಜಾಗದ ಸುಳಿವನ್ನು ಮಾಲಿ ಮೊದಲ ಭೇಟಿಯಲ್ಲೇ ಕೈಗೆ ಕೊಟ್ಟಿದ್ದ. ಜೇಕ್‌ಗೆ ಅದು ಹೊಳೆಯುವುದು ಬಹಳ ತಡವಾಗಿ, ಅದೇ ಕೊಳದಿಂದ ಕನ್ನಡಕ ಎತ್ತಿಕೊಳ್ಳುವಾಗ. ಉಚ್ಚಾರಣೆಯನ್ನು ಹಾಸ್ಯಕ್ಕೆ ಬಳಸಿದ ರೀತಿ ಇವತ್ತು ನೋಡಲು ಹಿತವಲ್ಲ, ಆ ಆಕ್ಷೇಪ ನನಗೂ ಇದೆ. ಆದರೂ ದೃಶ್ಯದ ಬಿಗಿ ಅಲ್ಲೇ ಇದೆ: ಜಾಣನೆಂದುಕೊಂಡವನು ಅಣಕಿಸಿದ್ದರಿಂದ ಸುಳಿವು ತಪ್ಪಿಸಿಕೊಂಡ.

ಇನ್ನು, ಈ ಕೊನೆಯೇ ಮೊದಲು ಬೇರೆ ಇತ್ತು. ಟೌನ್ ಬರೆದದ್ದರಲ್ಲಿ ಇವೆಲಿನ್ ತಂದೆಯನ್ನು ಕೊಲ್ಲುತ್ತಾಳೆ, ಮಗಳು ಪಾರಾಗುತ್ತಾಳೆ. ನಿರ್ದೇಶಕ ರೋಮನ್ ಪೊಲಾನ್ಸ್ಕಿ ಒಪ್ಪಲಿಲ್ಲ. ಇವೆಲಿನ್ ಸಾಯಬೇಕು, ಚಿತ್ರದ ಹೆಸರು ಚೈನಾಟೌನ್ ಎಂದ ಮೇಲೆ ಒಂದು ದೃಶ್ಯವಾದರೂ ಅಲ್ಲಿ ನಡೆಯಬೇಕು ಎಂದು ಹಟ ಹಿಡಿದರು. ಅವರ ಹೆಂಡತಿ ಶರಾನ್ ಟೇಟ್ 1969ರಲ್ಲಿ ಇದೇ ಲಾಸ್ ಏಂಜಲೀಸ್‌ನಲ್ಲಿ ಕೊಲೆಯಾಗಿದ್ದರು. ಕೊನೆಯ ಕತ್ತಲೆಗೆ ಅದೇ ಕಾರಣ ಎಂದು ಬರೆದವರಿದ್ದಾರೆ. ಮುಂದೆ 1977ರಲ್ಲಿ ಹದಿಮೂರು ವರ್ಷದ ಬಾಲಕಿಯ ಮೇಲಿನ ಲೈಂಗಿಕ ಅಪರಾಧವನ್ನು ಪೊಲಾನ್ಸ್ಕಿಯೇ ಕೋರ್ಟಿನಲ್ಲಿ ಒಪ್ಪಿಕೊಂಡು, ಶಿಕ್ಷೆ ಹೊರಬೀಳುವ ಮುನ್ನ 1978ರಲ್ಲಿ ಅಮೆರಿಕ ಬಿಟ್ಟರು ಎಂಬುದನ್ನೂ, ಇಂಥ ಕಥೆಯ ಬಗ್ಗೆ ಬರೆಯುವಾಗ ಮುಚ್ಚಿಡಬಾರದು. ಹನ್ನೊಂದು ಆಸ್ಕರ್ ನಾಮನಿರ್ದೇಶನಗಳಲ್ಲಿ ಚಿತ್ರಕ್ಕೆ ಬಂದದ್ದು ಒಂದೇ ಪ್ರಶಸ್ತಿ, ಅದು ಟೌನ್ ಅವರ ಚಿತ್ರಕಥೆಗೆ.

ಕೊನೆ ಕತ್ತಲಾದ ಮಾತ್ರಕ್ಕೆ ಚಿತ್ರ ‘ಬಿಟ್ಟುಬಿಡು’ ಎನ್ನುವುದನ್ನು ಒಪ್ಪಿತು ಎಂದಾಗುವುದಿಲ್ಲ. ವಾಲ್ಷ್ ಮಾತು ಮುಗಿಸಿದ ಮೇಲೂ ದನಿಯೊಂದು ಮುಂದುವರಿಯುತ್ತದೆ, ಗಮನ ಕೊಟ್ಟು ಕೇಳಿ. ಜಾಗ ಖಾಲಿ ಮಾಡಿ, ರಸ್ತೆ ಬಿಟ್ಟು ಫುಟ್‌ಪಾತ್ ಹತ್ತಿ ಎಂದು ಪೊಲೀಸರು ಆ ಬೀದಿಯವರನ್ನೇ ಗದರಿಸಿ ಓಡಿಸುತ್ತಿರುತ್ತಾರೆ. ಕ್ಯಾಮೆರಾ ಮೇಲಕ್ಕೇರುತ್ತದೆ. ತಮ್ಮ ಬೀದಿಯಲ್ಲಿ ತಮಗೆ ಸಂಬಂಧವಿಲ್ಲದ ಕೊಲೆ ನಡೆದಿದೆ, ಗದರಿಕೆ ಮಾತ್ರ ಅವರಿಗೆ.

ಮರೆಯುವ ಸಲಹೆಯನ್ನು ಜೇಕ್ ಪಾಲಿಸಿದನೇ ಎಂದು ಕೇಳುವವರು 1990ರಲ್ಲಿ ಬಂದ ‘ದಿ ಟೂ ಜೇಕ್ಸ್’ ನೋಡಬಹುದು. ಅದನ್ನೂ ಬರೆದವರು ಟೌನ್, ನಿರ್ದೇಶಿಸಿದವರು ಜೇಕ್ ಪಾತ್ರ ಮಾಡಿದ ಜಾಕ್ ನಿಕಲ್ಸನ್. ಮೊದಲನೆಯದರ ಎತ್ತರ ಅದಕ್ಕಿಲ್ಲ, ನಿಧಾನವೂ ಹೆಚ್ಚು. ಕಥೆ ನಡೆಯುವುದು 1948ರಲ್ಲಿ, ಅಂದರೆ ಹನ್ನೊಂದು ವರ್ಷದ ನಂತರ. ಜೇಕ್‌ಗೆ ವಯಸ್ಸಾಗಿದೆ, ಮೈ ಬಂದಿದೆ, ದುಡ್ಡೂ ಬಂದಿದೆ. ಯಾವುದೋ ಸಾಮಾನ್ಯ ಕೇಸು ಎಂದು ಕೈಗೆತ್ತಿಕೊಂಡದ್ದರಲ್ಲಿ ಒಂದು ಹೆಸರು ಕಿವಿಗೆ ಬೀಳುತ್ತದೆ: ಕ್ಯಾಥರಿನ್ ಮಲ್ರೇ. ಅಲ್ಲಿಂದಾಚೆ ಅವನು ಬೇರೆಲ್ಲ ಬಿಟ್ಟು ಅವಳನ್ನು ಹುಡುಕಲು ಹೊರಡುತ್ತಾನೆ.